ಮೂರು ಮಿಲಿಮೀಟರ್ ಗರಿಕೆ

ಬೆಂಗಳೂರಿನ ಸ್ಯಾಂಕಿ ರಸ್ತೆಯಲ್ಲಿ ಹೈಗ್ರೌಂಡ್ಸ್ ಕಡೆ ಹೋಗುವಾಗ ಬೇಲಿಯಾಚೆ, ಮರಗಳ ಸಂದಿಯಲ್ಲಿ ಒಂದು ದೊಡ್ಡ ಹಸಿರು ಬಯಲು ಕಾಣುತ್ತದೆ. ಅದು ಬೆಂಗಳೂರು ಗಾಲ್ಫ್ ಕ್ಲಬ್. ಶುರುವಾದದ್ದು 1876ರಲ್ಲಿ. ಗಾಲ್ಫ್ ಆಟ ನಿಮಗೆ ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ. ಪುಟ್ಟ ಬಿಳಿ ಚೆಂಡನ್ನು ಕೋಲಿನಿಂದ ಹೊಡೆಯುತ್ತ ಹೊಡೆಯುತ್ತ ದೂರದ ಒಂದು ಗುಳಿಗೆ ಬೀಳಿಸಬೇಕು. ಯಾರು ಕಡಿಮೆ ಏಟಿನಲ್ಲಿ ಬೀಳಿಸುತ್ತಾರೋ ಅವರೇ ಗೆದ್ದ ಹಾಗೆ. ಆಟದ ಮಾತು ಇಷ್ಟು ಸಾಕು. ಇವತ್ತು ನಾವು ಆ ಗುಳಿಯ ಸುತ್ತ ಇರುವ ಹುಲ್ಲನ್ನು ನೋಡೋಣ.

ಗುಳಿಯ ಸುತ್ತಲಿನ ನುಣುಪಾದ ಜಾಗಕ್ಕೆ ‘ಗ್ರೀನ್’ ಎನ್ನುತ್ತಾರೆ. ಪೂರ್ತಿ ಮೈದಾನ ಎಂದರೆ ಇಂಥ 18 ಗ್ರೀನ್‌ಗಳು. ಒಂದೊಂದೂ ಸುಮಾರು 500 ಚದರ ಮೀಟರ್. ಹದಿನೆಂಟನ್ನೂ ಕೂಡಿಸಿದರೆ ಎರಡು ಎಕರೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದರೆ ಮೈದಾನದ ಮಾಲಿಗಳ ಅರ್ಧ ನಿದ್ದೆ ಕೆಡಿಸುವುದು ಇದೇ ಎರಡು ಎಕರೆ. ಯಾಕೆಂದರೆ ಬೇರೆ ಕಡೆ ಚೆಂಡು ಹಾರುತ್ತದೆ, ಇಲ್ಲಿ ಉರುಳುತ್ತದೆ. ಉರುಳುವ ಚೆಂಡಿಗೆ ಒಂದು ಒರಟು ಎಲೆ ಅಡ್ಡ ಬಂದರೂ ದಾರಿ ತಪ್ಪುತ್ತದೆ. ಗುಳಿಯ ಬಾಯಿ ಬರೀ 108 ಮಿಲಿಮೀಟರ್. ಅದಕ್ಕೇ ಗ್ರೀನ್‌ನ ಹುಲ್ಲನ್ನು ಸುಮಾರು 3 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿ ಇಟ್ಟಿರುತ್ತಾರೆ. ನಿಮ್ಮ ಸ್ಕೇಲು ತೆಗೆದು ಮೂರು ಸಣ್ಣ ಗೆರೆ ಎಣಿಸಿ ನೋಡಿ. ಅಷ್ಟೇ ಎತ್ತರದಲ್ಲಿ ಒಂದು ಗಿಡ ಬದುಕಬೇಕು.

ಇಷ್ಟು ಜೋಪಾನ ಮಾಡಿದ ಹುಲ್ಲಿನ ಮೇಲೆ ವರ್ಷಕ್ಕೆ ಒಂದೆರಡು ಸಲ ವಿಚಿತ್ರವಾದ ಕೆಲಸವೊಂದು ನಡೆಯುತ್ತದೆ. ಒಂದು ಯಂತ್ರ ಬರುತ್ತದೆ. ಅದರ ಅಡಿಯಲ್ಲಿ ಸಾಲಾಗಿ ಪೊಳ್ಳು ಉಕ್ಕಿನ ಕೊಳವೆಗಳು, ಒಂದೊಂದೂ ನಿಮ್ಮ ಕಿರುಬೆರಳಿನಷ್ಟು ದಪ್ಪ. ಟಕಟಕಟಕ ಎಂದು ಅವು ನೆಲಕ್ಕೆ ಇಳಿದು ಮೇಲೇಳುತ್ತವೆ. ಎದ್ದಾಗಲೆಲ್ಲ ಒಂದೊಂದು ಉದ್ದನೆಯ ಮಣ್ಣಿನ ತುಂಡು ಹುಲ್ಲಿನ ಮೇಲೆ ಬೀಳುತ್ತದೆ. ತೂತುಗಳ ನಡುವೆ 5 ಸೆಂಟಿಮೀಟರ್ ಅಂತರವಿದ್ದರೆ ಒಂದು ಚದರ ಮೀಟರಿಗೆ 400 ತೂತು. ಒಂದು ಗ್ರೀನ್‌ಗೆ ಎಷ್ಟಾಯಿತು? ಎರಡು ಲಕ್ಷ! ಮುಗಿಯುವ ಹೊತ್ತಿಗೆ ಆ ನುಣುಪು ನೆಲ ಕೋಳಿ ಕೆದಕಿದ ಅಂಗಳ. ಆಮೇಲೆ ಮಣ್ಣಿನ ತುಂಡುಗಳನ್ನು ಗುಡಿಸಿ ಒಯ್ದು, ಮೇಲೆ ಮರಳು ಸುರಿದು ಪೊರಕೆಯಿಂದ ಎಳೆಯುತ್ತಾರೆ. ಆಡಲು ಬಂದ ದೊಡ್ಡವರು ಮುಖ ಸಿಂಡರಿಸುತ್ತಾರೆ. ಚೆಂದದ ಗ್ರೀನನ್ನು ಯಾಕೆ ಹಾಳು ಮಾಡಿದಿರಿ ಎಂದು ಮಾಲಿಗಳನ್ನೇ ಕೇಳುತ್ತಾರೆ.

ಮಾಲಿಗಳು ಯಾಕೆ ಹಾಗೆ ಮಾಡಿದರು ಎಂದು ತಿಳಿಯಬೇಕಾದರೆ ಮೊದಲು ಈ ಹುಲ್ಲು ಯಾರೆಂದು ತಿಳಿಯಬೇಕು.

ನಿಮಗೆ ಅದು ಆಗಲೇ ಗೊತ್ತು. ಗಣೇಶನ ಹಬ್ಬದ ದಿನ ಬೆಳಿಗ್ಗೆ ಅಜ್ಜಿ ಕಳಿಸಿದರೆಂದು ರಸ್ತೆ ಬದಿಯಲ್ಲಿ ಹುಡುಕಿ ಕಿತ್ತು ತರುತ್ತೀರಲ್ಲ, ಅದೇ ಗರಿಕೆ. ಸಸ್ಯವಿಜ್ಞಾನಿಗಳು ಇದನ್ನು ಸೈನೊಡಾನ್ ಡ್ಯಾಕ್ಟಿಲಾನ್ ಎಂದು ಕರೆಯುತ್ತಾರೆ, ಅಮೆರಿಕದವರು ಬರ್ಮುಡಾ ಹುಲ್ಲು ಎನ್ನುತ್ತಾರೆ. ಬಿಸಿ ನಾಡುಗಳ ಗ್ರೀನ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಇದರ ಮಕ್ಕಳೇ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ ಇದ್ದರು. ಅವರು ನಮ್ಮ ಗರಿಕೆಯನ್ನೂ ಆಫ್ರಿಕಾದ ಒಂದು ತೆಳು ಎಲೆಯ ಗರಿಕೆಯನ್ನೂ ಸೇರಿಸಿ ಹೊಸ ತಳಿಗಳನ್ನು ಮಾಡಿದರು. 1956ರಲ್ಲಿ ಟಿಫ್‌ಗ್ರೀನ್ ಬಂತು. ಅದರಿಂದ ಹುಟ್ಟಿದ ಇನ್ನೂ ಗಿಡ್ಡ ತಳಿ ಟಿಫ್‌ಡ್ವಾರ್ಫ್ 1965ರಲ್ಲಿ ಬಂತು. ಇವುಗಳಲ್ಲಿ ಬೀಜ ಕಟ್ಟುವುದಿಲ್ಲ. ತಾಯಿ ಗರಿಕೆಯ ಕಣದಲ್ಲಿ 36 ವರ್ಣತಂತುಗಳು, ತಂದೆಯ ಕಡೆ 18. ಮಗುವಿಗೆ ಬಂದದ್ದು 27. ಬೆಸ ಸಂಖ್ಯೆಯಾದ್ದರಿಂದ ಬೀಜ ಮಾಡುವಾಗ ಸಮನಾಗಿ ಹಂಚಲು ಆಗುವುದಿಲ್ಲ. ಹಾಗಾಗಿ ಗೆಣ್ಣಿರುವ ತುಂಡುಗಳನ್ನು ನೆಟ್ಟೇ ಇದನ್ನು ಹಬ್ಬಿಸಬೇಕು.

ಇದೇ ಬರ್ಟನ್ ಅವರ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಅವರು ಬೆಳೆಸಿದ ಟಿಫ್ಟ್ 23ಎ ಎಂಬ ಸಜ್ಜೆಯ ತಳಿ ಭಾರತಕ್ಕೆ ಬಂತು. ಅದನ್ನು ತಾಯಿಯಾಗಿ ಬಳಸಿ 1965ರಲ್ಲಿ ನಮ್ಮ ದೇಶದ ಮೊದಲ ಹೈಬ್ರಿಡ್ ಸಜ್ಜೆ, ಎಚ್‌ಬಿ-1, ಹೊರಬಂತು. ಆಟದ ಹುಲ್ಲು, ಊಟದ ಕಾಳು, ಎರಡರ ಹಿಂದೆಯೂ ಒಂದೇ ಕೈ. ಕೊಪ್ಪಳ, ರಾಯಚೂರು ಕಡೆಯ ಮಕ್ಕಳು ಸಜ್ಜೆ ರೊಟ್ಟಿ ತಿನ್ನುವಾಗ ಇದನ್ನು ಮನೆಯವರಿಗೆ ಹೇಳಬಹುದು.

ಸರಿ, ಗರಿಕೆಗೆ ಬರೋಣ. ದಿನಾ ಕತ್ತರಿಸಿದರೂ ಅದು ಸಾಯುವುದಿಲ್ಲ ಯಾಕೆ? ತುಳಸಿ ಗಿಡವನ್ನು ನೆಲಮಟ್ಟಕ್ಕೆ ದಿನವೂ ಕತ್ತರಿಸಿ ನೋಡಿ (ಬೇಡ, ಅಮ್ಮ ಬೈಯುತ್ತಾರೆ). ನಾಲ್ಕು ದಿನದಲ್ಲಿ ಅದರ ಕತೆ ಮುಗಿಯುತ್ತದೆ. ತುಳಸಿ ಬೆಳೆಯುವುದು ಕುಡಿಯಿಂದ, ಕುಡಿ ಹೋದರೆ ಬೆಳೆಯುವ ಜಾಗವೇ ಹೋಯಿತು. ಹುಲ್ಲಿನ ಎಲೆ ಬೆಳೆಯುವುದು ಬುಡದಿಂದ, ನಿಮ್ಮ ತಲೆಗೂದಲಿನ ಹಾಗೆ. ಕ್ಷೌರದಂಗಡಿಯಲ್ಲಿ ತುದಿ ಕತ್ತರಿಸಿದರೆ ಕೂದಲಿಗೆ ಏನೂ ಗೊತ್ತಾಗುವುದಿಲ್ಲ, ಕೆಳಗಿನಿಂದ ಹೊಸದು ಮೇಲೆ ಬರುತ್ತಲೇ ಇರುತ್ತದೆ. ಹುಲ್ಲು ಹೀಗಾದದ್ದು ದನ, ಕುರಿ, ಜಿಂಕೆಗಳ ಬಾಯಿಗೆ ಸಿಕ್ಕೂ ಸಿಕ್ಕೂ ಲಕ್ಷಾಂತರ ವರ್ಷ ಬದುಕಿದ್ದರಿಂದ. ಅದರ ಬೆಳೆಯುವ ಭಾಗ ಪ್ರಾಣಿಯ ಹಲ್ಲಿಗೆ ಸಿಗದಂತೆ ಮಣ್ಣಿಗೆ ಅಂಟಿಕೊಂಡಿರುತ್ತದೆ. ಹಲ್ಲಿಗೆ ಸಿಗದ್ದು ಯಂತ್ರದ ಬ್ಲೇಡಿಗೂ ಸಿಗುವುದಿಲ್ಲ.

ಹಾಗೆಂದು ಹುಲ್ಲಿಗೆ ಕಷ್ಟವೇ ಇಲ್ಲ ಎಂದಲ್ಲ. ಎಲೆ ಎಂದರೆ ಅದರ ಅಡುಗೆಮನೆ. ಬಿಸಿಲಿನಲ್ಲಿ ಸಕ್ಕರೆ ತಯಾರಾಗುವುದು ಅಲ್ಲೇ, ಬೇರಿಗೆ ಊಟ ಹೋಗುವುದೂ ಅಲ್ಲಿಂದಲೇ. ಎಲೆ ಗಿಡ್ಡವಾದರೆ ಊಟ ಕಡಿಮೆ, ಊಟ ಕಡಿಮೆಯಾದರೆ ಬೇರೂ ಗಿಡ್ಡ. ಅದಕ್ಕೇ ಮಾಲಿಗಳು ಒಂದು ಕಟ್ಟಳೆ ಇಟ್ಟುಕೊಂಡಿದ್ದಾರೆ: ಒಂದು ಸಲಕ್ಕೆ ಎಲೆಯ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಲೆಕ್ಕ ಹಾಕಿ. ಕತ್ತರಿಸಿದ ಮೇಲೆ 3 ಮಿಲಿಮೀಟರ್ ಉಳಿಯಬೇಕು ಎಂದರೆ ಹುಲ್ಲು 4.5 ಮಿಲಿಮೀಟರ್ ದಾಟುವ ಮೊದಲೇ ಯಂತ್ರ ಬರಬೇಕು. ಬೆಳೆಯುವ ಕಾಲದಲ್ಲಿ ಗರಿಕೆ ಅಷ್ಟು ಬೆಳೆಯಲು ಹೆಚ್ಚು ದಿನ ಬೇಕಾಗಿಲ್ಲ. ಹಾಗಾಗಿಯೇ ದಿನವೂ ಬೆಳಿಗ್ಗೆ, ಆಟಗಾರರು ಬರುವ ಮುಂಚೆ, ಕತ್ತರಿಸುವ ಕೆಲಸ.

ಕತ್ತರಿಸುವ ಯಂತ್ರದ ಹುಟ್ಟೂ ಸ್ವಾರಸ್ಯವಾಗಿದೆ. ಇಂಗ್ಲೆಂಡಿನಲ್ಲಿ ಎಡ್ವಿನ್ ಬಡಿಂಗ್ ಎಂಬ ಕುಶಲಕರ್ಮಿ ಇದ್ದ. ಅವನ ಊರಿನ ಬಟ್ಟೆ ಗಿರಣಿಗಳಲ್ಲಿ ಉಣ್ಣೆಯ ಬಟ್ಟೆಯ ಮೇಲೆ ಎದ್ದು ನಿಂತ ನೂಲನ್ನು ಸಮವಾಗಿ ಕತ್ತರಿಸಲು ಸುರುಳಿ ಬ್ಲೇಡಿನ ಯಂತ್ರವಿತ್ತು. ಅದನ್ನೇ ಹುಲ್ಲಿನ ಮೇಲೆ ಓಡಿಸಿದರೆ ಹೇಗೆ ಎಂದು ಅವನಿಗೆ ಹೊಳೆಯಿತು. 1830ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಇಂದಿಗೂ ಗ್ರೀನ್ ಮೇಲೆ ಓಡುವುದು ಅದೇ ಬಗೆಯ ಸುರುಳಿ ಬ್ಲೇಡು. ಅದು ಕೆಳಗಿನ ಒಂದು ಪಟ್ಟಿಗೆ ತಾಗಿ ಎಲೆಯನ್ನು ಕತ್ತರಿಯಂತೆ ಕಚಕ್ಕೆಂದು ಕತ್ತರಿಸುತ್ತದೆ. ಗಿರಗಿರ ತಿರುಗುವ ಮಾಮೂಲಿ ಬ್ಲೇಡು ಎಲೆಯನ್ನು ಬಡಿದು ಹರಿಯುತ್ತದೆ, ಹರಿದ ತುದಿ ಒಣಗಿ ಬೆಳ್ಳಗಾಗುತ್ತದೆ.

ಈಗ ಆ ತೂತುಗಳ ವಿಷಯ.

ಬೇರೂ ಉಸಿರಾಡುತ್ತದೆ. ಎಲೆಯಿಂದ ಬಂದ ಸಕ್ಕರೆಯನ್ನು ಶಕ್ತಿಯಾಗಿ ಬಳಸಲು ಅದಕ್ಕೆ ಆಮ್ಲಜನಕ ಬೇಕು, ಅದು ಸಿಗುವುದು ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿ. ಒಳ್ಳೆಯ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಇಂಥ ಸಂದಿಗಳೇ, ಅವುಗಳಲ್ಲಿ ಒಂದಷ್ಟು ನೀರು, ಒಂದಷ್ಟು ಗಾಳಿ. ಆದರೆ ಗ್ರೀನ್ ಮೇಲೆ ದಿನವಿಡೀ ಜನ ಓಡಾಡುತ್ತಾರೆ. ಗುಳಿಯ ಹತ್ತಿರವಂತೂ ಎಲ್ಲರ ಕಾಲೂ ಬೀಳುತ್ತದೆ. ಅದಕ್ಕೇ ಮಾಲಿಗಳು ಗುಳಿಯನ್ನು ಆಗಾಗ ಬೇರೆ ಕಡೆಗೆ ಬದಲಿಸುತ್ತಾರೆ. ಹೊಸ ಗುಳಿಯಿಂದ ಹುಲ್ಲುಸಮೇತ ಎತ್ತಿದ ಮಣ್ಣಿನ ತುಂಡನ್ನು ಹಳೆಯ ಗುಳಿಗೆ ಕೂರಿಸಿಬಿಡುತ್ತಾರೆ, ಎರಡು ದಿನ ಕಳೆದರೆ ಯಾರಿಗೂ ಗುರುತೇ ಸಿಗುವುದಿಲ್ಲ. ಇಷ್ಟು ಮಾಡಿದರೂ ತುಳಿತದಿಂದ ಸಂದಿಗಳು ಮುಚ್ಚುತ್ತ ಬರುತ್ತವೆ.

ಮೇಲಿನಿಂದ ಇನ್ನೊಂದು ತೊಂದರೆ. ಗರಿಕೆಯ ಹಳೆಯ ಕಾಂಡ, ಬೇರು ಸತ್ತು ಮಣ್ಣಿನ ಮೇಲೆ ಕಂದು ಬಣ್ಣದ ಪದರವಾಗಿ ಕೂಡಿಕೊಳ್ಳುತ್ತವೆ. ಇದಕ್ಕೆ ಥ್ಯಾಚ್ ಎನ್ನುತ್ತಾರೆ. ಸೂಕ್ಷ್ಮಜೀವಿಗಳು ಇದನ್ನು ತಿಂದು ಮುಗಿಸಬೇಕು, ಆದರೆ ಅವಕ್ಕೂ ಗಾಳಿ ಬೇಕು. ಗಾಳಿಯಿಲ್ಲದಿದ್ದರೆ ಪದರ ದಪ್ಪವಾಗುತ್ತ ಹೋಗುತ್ತದೆ, ನೀರನ್ನು ಹೀರಿ ಮೆತ್ತಗಾಗುತ್ತದೆ, ಬೇರು ಕೆಳಗಿಳಿಯುವ ಬದಲು ಅದರಲ್ಲೇ ಹರಡಿಕೊಳ್ಳುತ್ತದೆ. ಪೊಳ್ಳು ಕೊಳವೆಯ ಯಂತ್ರ ಎರಡಕ್ಕೂ ಮದ್ದು. ಕೊಳವೆ 12 ಮಿಲಿಮೀಟರ್ ಅಗಲವಿದ್ದರೆ ಒಂದು ಸಲಕ್ಕೆ ನೆಲದ ನೂರರಲ್ಲಿ ಸುಮಾರು 5 ಭಾಗ ಎದ್ದುಬರುತ್ತದೆ. ಅದರ ಜೊತೆ ಥ್ಯಾಚೂ ಎದ್ದುಬಂತು, ಆ ಜಾಗಕ್ಕೆ ಮರಳು ಇಳಿಯಿತು. ಮರಳಿನ ಕಣ ದಪ್ಪ, ಎಷ್ಟು ತುಳಿದರೂ ಸಂದಿ ಮುಚ್ಚುವುದಿಲ್ಲ. ಕೆಲವು ದಿನ ಬಿಟ್ಟು ಅಂಥ ತೂತೊಂದನ್ನು ಸೀಳಿ ನೋಡಿದರೆ ಬಿಳಿಯ ಹೊಸ ಬೇರುಗಳು ಮರಳಿನೊಳಗೆ ಇಳಿದಿರುವುದು ಕಾಣುತ್ತದೆ, ಪಕ್ಕದ ಗಟ್ಟಿ ಮಣ್ಣಿನಲ್ಲಿ ಅಷ್ಟಿರುವುದಿಲ್ಲ.

ಮರಳಿನ ಗುಣ ಮೊದಲು ಕಂಡುಕೊಂಡವರ ಹೆಸರು ಕೇಳಿದರೆ ಗಾಲ್ಫಿನವರು ಸ್ಕಾಟ್ಲೆಂಡಿನ ಟಾಮ್ ಮಾರಿಸ್ ಕಡೆ ಬೆರಳು ತೋರಿಸುತ್ತಾರೆ. ಹುಟ್ಟಿದ್ದು 1821ರಲ್ಲಿ. ಪ್ರೆಸ್ಟ್‌ವಿಕ್ ಎಂಬಲ್ಲಿ ಮೈದಾನ ನೋಡಿಕೊಳ್ಳುತ್ತಿದ್ದಾಗ ಒಂದು ಗ್ರೀನ್ ಮೇಲೆ ಮರಳಿನ ಕೈಗಾಡಿ ಮಗುಚಿತಂತೆ, ಕೆಲವು ದಿನಗಳ ನಂತರ ಅದೇ ಜಾಗದಲ್ಲಿ ಹುಲ್ಲು ಸೊಂಪಾಗಿ ಬಂದಿತ್ತಂತೆ. ಕತೆ ಎಷ್ಟು ನಿಜವೋ, ಮುಂದೆ ಸೇಂಟ್ ಆಂಡ್ರೂಸ್ ಮೈದಾನಕ್ಕೆ ಬಂದ ಮೇಲೆ ಅವರು ಮರಳು ಹಾಕಿಸುವುದನ್ನು ಬಿಡಲಿಲ್ಲ ಎನ್ನುವುದಂತೂ ನಿಜ. ಅಲ್ಲಿನ ಹಳೆಯ ಮೈದಾನಕ್ಕೆ ಭಾನುವಾರ ರಜೆ. ಆ ರೂಢಿ ಇಂದಿಗೂ ಇದೆ. ಆಟಗಾರರಿಗೆ ರಜೆ ಬೇಡದಿದ್ದರೂ ಹುಲ್ಲಿಗೆ ಬೇಕು!

ಹಾಗಾದರೆ ತೂತು ಯಾವಾಗ ಹೊಡೆಯಬೇಕು? ಯಾವಾಗ ಬೇಕಾದರೂ ಹೊಡೆದರೆ ಆಗುವುದಿಲ್ಲವೇ? ಆಗುವುದಿಲ್ಲ. ಎರಡು ಲಕ್ಷ ಗಾಯ ಮಾಯಬೇಕಾದರೆ ಹುಲ್ಲು ಜೋರಾಗಿ ಬೆಳೆಯುತ್ತಿರಬೇಕು. ಹುಲ್ಲು ಜೋರಾಗಿ ಬೆಳೆಯುವ ಕಾಲ ಎಲ್ಲ ಊರಿನಲ್ಲೂ ಒಂದೇ ಅಲ್ಲ, ಎಲ್ಲ ಹುಲ್ಲಿಗೂ ಒಂದೇ ಅಲ್ಲ.

ಇದಕ್ಕೆ ಕಾರಣ ಎಲೆಯೊಳಗಿದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಿಡಿಯಲು ಎಲೆಯಲ್ಲಿ ರುಬಿಸ್ಕೊ ಎಂಬ ಕಿಣ್ವ ಇದೆ. ಸೆಖೆ ಏರಿದಂತೆ ಅದು ಹೆಚ್ಚು ಹೆಚ್ಚು ಎಡವುತ್ತದೆ, ಇಂಗಾಲದ ಡೈಆಕ್ಸೈಡಿನ ಬದಲು ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಆ ತಪ್ಪನ್ನು ತಿದ್ದಲು ಗಿಡ ಶಕ್ತಿ ಖರ್ಚು ಮಾಡಬೇಕು. ಭತ್ತ, ಗೋಧಿ, ಚಳಿ ದೇಶಗಳ ಗ್ರೀನ್‌ಗಳಲ್ಲಿರುವ ಬೆಂಟ್ ಹುಲ್ಲು ಎಲ್ಲಕ್ಕೂ ಈ ಕಷ್ಟ ಇದೆ. ರಾಗಿ, ಜೋಳ, ಸಜ್ಜೆ, ಕಬ್ಬು, ಗರಿಕೆ ಮಾತ್ರ ಒಂದು ಉಪಾಯ ಮಾಡಿಕೊಂಡಿವೆ. ಇಂಗಾಲದ ಡೈಆಕ್ಸೈಡನ್ನು ಮೊದಲು ಬೇರೆ ಕಿಣ್ವದಿಂದ ಹಿಡಿದು, ಎಲೆಯ ನರದ ಸುತ್ತಲಿನ ಕಣಗಳಿಗೆ ಸಾಗಿಸಿ, ಅಲ್ಲಿ ಒತ್ತೊತ್ತಾಗಿ ತುಂಬಿ, ಆಮೇಲೆ ರುಬಿಸ್ಕೊ ಕೈಗೆ ಕೊಡುತ್ತವೆ. ಹಾಗೆ ಕೊಟ್ಟರೆ ಎಡವುವ ಸಂದರ್ಭವೇ ಬರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಮಾರ್ಷಲ್ ಹ್ಯಾಚ್ ಮತ್ತು ರೋಜರ್ ಸ್ಲ್ಯಾಕ್ ಕಬ್ಬಿನ ಎಲೆಗಳಲ್ಲಿ ಈ ದಾರಿಯನ್ನು ಬಿಡಿಸಿ 1966ರಲ್ಲಿ ಪ್ರಕಟಿಸಿದರು. ದೊಡ್ಡ ತರಗತಿಗೆ ಹೋದಾಗ ಇವರ ಹೆಸರು ನಿಮಗೆ ಪುಸ್ತಕದಲ್ಲಿ ಸಿಗುತ್ತದೆ.

ಹಾಗಾಗಿ ಬೆಂಟ್ ಹುಲ್ಲಿಗೆ 15ರಿಂದ 24 ಡಿಗ್ರಿ ಸೆಲ್ಸಿಯಸ್ ಹಿತ, ಗರಿಕೆಗೆ 27ರಿಂದ 35. ಇಷ್ಟು ತಿಳಿದರೆ ಮಾಲಿಯ ಕ್ಯಾಲೆಂಡರನ್ನು ನೀವೇ ಬರೆಯಬಹುದು. ಬೆಂಗಳೂರಿನ ಏಪ್ರಿಲ್, ಮೇ ಬಿಸಿಲು ಗರಿಕೆಗೆ ಹಬ್ಬ. ತೂತು ಹೊಡೆದು ಮರಳು ಹಾಕಲು ಅದು ಒಳ್ಳೆಯ ಕಾಲ. ಎರಡು ಮೂರು ವಾರದಲ್ಲಿ ಗಾಯ ಮಾಯುತ್ತದೆ, ಜೂನಿನ ಮಳೆ ಬರುವ ಹೊತ್ತಿಗೆ ನೀರು ಇಳಿಯಲು ದಾರಿಯೂ ಸಿದ್ಧ. ಮಳೆಗಾಲದಲ್ಲಿ ಗರಿಕೆ ಸುಖವಾಗಿರುತ್ತದೆ ಎಂದುಕೊಂಡಿರಾ? ನೀರು ಸಾಕಷ್ಟಿದೆ, ಆದರೆ ಮೋಡ. ಗರಿಕೆ ನೆರಳನ್ನು ಸಹಿಸದ ಹುಲ್ಲು. ವಾರಗಟ್ಟಲೆ ಸೂರ್ಯ ಮುಖ ತೋರಿಸದಿದ್ದರೆ ಸಕ್ಕರೆ ಸಾಲದೆ ಬಡವಾಗುತ್ತದೆ. ಆಗ ಜಾಣ ಮಾಲಿ ಬ್ಲೇಡನ್ನು ಅರ್ಧ ಮಿಲಿಮೀಟರ್ ಮೇಲೆತ್ತುತ್ತಾನೆ. ಅರ್ಧ ಮಿಲಿಮೀಟರ್ ಏನು ಮಹಾ ಎನ್ನಬೇಡಿ, ಮೂರರಲ್ಲಿ ಅರ್ಧ ಎಂದರೆ ಆರನೇ ಒಂದು ಪಾಲು ಹೆಚ್ಚು ಎಲೆ. ಡಿಸೆಂಬರಿನ ಚಳಿಯಲ್ಲಿ ಬೆಳವಣಿಗೆ ನಿಧಾನವಾಗುತ್ತದೆ, ಗೊಬ್ಬರವನ್ನೂ ಕತ್ತರಿಸುವುದನ್ನೂ ಕಡಿಮೆ ಮಾಡಿದರೆ ಸಾಕು.

ದೆಹಲಿಯ ಕಡೆ ಇಷ್ಟಕ್ಕೆ ಮುಗಿಯುವುದಿಲ್ಲ. ಅಲ್ಲಿ ಜನವರಿಯ ಚಳಿಗೆ ಗರಿಕೆ ಹಸಿರು ಬಣ್ಣ ಬಿಟ್ಟು ಒಣ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಸತ್ತಿಲ್ಲ, ಮಲಗಿದೆ. ಉತ್ತರದ ಕೆಲವು ಮೈದಾನಗಳವರು ಚಳಿ ಶುರುವಾಗುವ ಮುಂಚೆಯೇ ಗರಿಕೆಯ ಮೇಲೆ ರೈ ಹುಲ್ಲಿನ ಬೀಜ ಎರಚುತ್ತಾರೆ. ವಾರದೊಳಗೆ ಮೊಳಕೆ, ಚಳಿಗಾಲವಿಡೀ ಹಸಿರು. ಬೇಸಿಗೆ ಬಂದಾಗ ರೈ ಸುಟ್ಟುಹೋಗುತ್ತದೆ, ಅಡಿಯಲ್ಲಿ ಮಲಗಿದ್ದ ಗರಿಕೆ ಏಳುತ್ತದೆ.

ಅಮೆರಿಕದ ಆಗಸ್ಟಾದಲ್ಲಿ ಇದೇ ಪಾಠ ತಲೆಕೆಳಗು. ಜಾರ್ಜಿಯಾದ ಬೇಸಿಗೆ ಸುಡುತ್ತದೆ, ಆದರೂ ಅಲ್ಲಿನ ಹೆಸರಾಂತ ಮೈದಾನದ ಗ್ರೀನ್‌ಗಳಲ್ಲಿ 1981ರಿಂದ ಬೆಂಟ್ ಹುಲ್ಲು. ಏಪ್ರಿಲಿನ ದೊಡ್ಡ ಪಂದ್ಯ ಮುಗಿದು ಕೆಲವು ವಾರಗಳಲ್ಲೇ ಮೈದಾನದ ಬಾಗಿಲು ಮುಚ್ಚಿ ಅಕ್ಟೋಬರಿನಲ್ಲಿ ತೆರೆಯುತ್ತಾರೆ. ನೆಲದಡಿಯ ಕೊಳವೆಗಳಿಗೆ ಫ್ಯಾನು ಜೋಡಿಸಿ ಬೇರಿನ ಸುತ್ತಲಿನ ಹೆಚ್ಚಿನ ನೀರನ್ನು ಎಳೆದು ಗಾಳಿ ಆಡಿಸುವ ಏರ್ಪಾಡೂ ಅಲ್ಲಿದೆ. ನನ್ನನ್ನು ಕೇಳಿದರೆ ಇದು ಹುಲ್ಲಿನ ಜೊತೆ ಹಟ. ಊರಿಗೆ ಒಗ್ಗುವ ಹುಲ್ಲನ್ನು ಬೆಳೆಸಿದರೆ ಅರ್ಧ ಕೆಲಸ ಸೂರ್ಯನೇ ಮಾಡಿಕೊಡುತ್ತಾನೆ. ಸೇಂಟ್ ಆಂಡ್ರೂಸ್‌ನವರು ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿ ಚಳಿಗಾಲದ ಹಗಲು ಏಳು ಗಂಟೆಯಷ್ಟೇ, ಹುಲ್ಲು ಬೆಳೆಯುವುದೇ ಇಲ್ಲ, ಕೋಲಿನ ಏಟಿಗೆ ಎದ್ದ ಗಾಯ ಮಾಯುವುದಿಲ್ಲ. ಆ ತಿಂಗಳುಗಳಲ್ಲಿ ಹಳೆಯ ಮೈದಾನದ ಆಟಗಾರರು ಅಂಗೈಯಗಲದ ಒಂದು ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹಿಡಿದು ನಡೆಯುತ್ತಾರೆ. ಗ್ರೀನ್ ಮುಟ್ಟುವ ಮೊದಲು, ನಡುವಿನ ಹುಲ್ಲುಹಾದಿಯಲ್ಲಿ, ಚೆಂಡನ್ನು ಆ ಚಾಪೆಯ ಮೇಲಿಟ್ಟೇ ಹೊಡೆಯುತ್ತಾರೆ.

ಬೆಳಗಿನ ಒಂದು ಚಿಕ್ಕ ಕೆಲಸ ಹೇಳುವುದು ಉಳಿಯಿತು. ಮಾಲಿಗಳು ಉದ್ದನೆಯ ಹಗ್ಗವನ್ನೋ ಬಳುಕುವ ಕೋಲನ್ನೋ ಗ್ರೀನ್ ಮೇಲೆ ಎಳೆದು ನೀರಿನ ಹನಿ ಉದುರಿಸುತ್ತಾರೆ. ಅದೆಲ್ಲ ಇಬ್ಬನಿ ಎಂದುಕೊಳ್ಳಬೇಡಿ. ನೀವೇ ಬೆಳಿಗ್ಗೆ ಬೇಗ ಎದ್ದು ಗರಿಕೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನೋಡಿ. ಇಬ್ಬನಿಯಾದರೆ ಎಲೆಯ ಮೈಮೇಲೆಲ್ಲ ಸಣ್ಣಗೆ ಹರಡಿರುತ್ತದೆ. ಕೆಲವು ಎಲೆಗಳ ತುದಿಯಲ್ಲಿ ಮಾತ್ರ ಒಂದೇ ಒಂದು ದಪ್ಪ ಹನಿ ನಿಂತಿರುತ್ತದೆ. ಅದು ಆಕಾಶದಿಂದ ಬಂದದ್ದಲ್ಲ. ರಾತ್ರಿ ಬೇರು ಹೀರಿದ ನೀರು ಒತ್ತಡದಿಂದ ಮೇಲೇರಿ ಎಲೆ ತುದಿಯ ಸಣ್ಣ ರಂಧ್ರದಿಂದ ಹೊರಗೆ ಬಂದಿದೆ. ಬಟ್ಟೆಯ ತುದಿಯಿಂದ ಒತ್ತಿ ತೆಗೆದರೆ, ನೆಲ ಒದ್ದೆಯಿದ್ದಲ್ಲಿ, ಸ್ವಲ್ಪ ಹೊತ್ತಿಗೆ ಅದೇ ಜಾಗದಲ್ಲಿ ಇನ್ನೊಂದು ಹನಿ ಮೂಡಬಹುದು. ಈ ಹನಿಯಲ್ಲಿ ಹುಲ್ಲಿನ ಸಕ್ಕರೆಯೂ ಅಮೈನೋ ಆಮ್ಲಗಳೂ ಚೂರು ಇರುತ್ತವೆ, ರೋಗದ ಶಿಲೀಂಧ್ರಗಳಿಗೆ ಅದು ಇಷ್ಟ. ಹಗ್ಗ ಎಳೆದು ಹನಿ ಉದುರಿಸಿದರೆ ಎಲೆ ಬೇಗ ಒಣಗುತ್ತದೆ, ಔಷಧಿ ಸಿಂಪಡಿಸುವ ಖರ್ಚು ಒಂದಿಷ್ಟು ಉಳಿಯುತ್ತದೆ.

ನೀರಿನ ಮಾತು ಬಂದಾಗ ನೀವು ಕೇಳಬೇಕಾದ ಪ್ರಶ್ನೆ ಒಂದಿದೆ: ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಿನಲ್ಲಿ ಆಟದ ಹುಲ್ಲಿಗೆ ನೀರು ಯಾಕೆ? ನ್ಯಾಯವಾದ ಪ್ರಶ್ನೆಯೇ. ಚರಂಡಿ ನೀರನ್ನು ಶುದ್ಧ ಮಾಡಿ ಬಳಸುವ ಮೈದಾನಗಳಿವೆ. ಹುಲ್ಲೇ ಬೇಡವೆಂದು ಗುಳಿಯ ಸುತ್ತ ಎಣ್ಣೆ ಬೆರೆಸಿದ ಮರಳು ಹಾಸಿ ಆಡುವ ಒಣ ನಾಡುಗಳೂ ಇವೆ. ಅದಕ್ಕೆ ‘ಬ್ರೌನ್’ ಎನ್ನುತ್ತಾರೆ.

ಕೊನೆಗೆ ಒಂದು ಕೆಲಸ. ಎರಡು ಪ್ಲಾಸ್ಟಿಕ್ ಲೋಟಗಳ ತಳಕ್ಕೆ ತೂತು ಮಾಡಿ, ಒಂದೇ ಮಣ್ಣು ತುಂಬಿ, ಎರಡರಲ್ಲೂ ಮೂರು ಮೂರು ಗೆಣ್ಣಿನ ಗರಿಕೆ ತುಂಡು ನೆಡಿ. ಬಿಸಿಲಿನಲ್ಲಿಡಿ. ಚಿಗುರಿದ ಮೇಲೆ ಒಂದನ್ನು ದಿನ ಬಿಟ್ಟು ದಿನ ಕತ್ತರಿಯಿಂದ ಒಂದು ಸೆಂಟಿಮೀಟರಿಗೆ ಕತ್ತರಿಸಿ, ಇನ್ನೊಂದನ್ನು ಅದರ ಪಾಡಿಗೆ ಬಿಡಿ. ನೀರು ಎರಡಕ್ಕೂ ಸಮ ಇರಲಿ, ಇಲ್ಲದಿದ್ದರೆ ಬಂದ ವ್ಯತ್ಯಾಸ ಕತ್ತರಿಯಿಂದಲೋ ನೀರಿನಿಂದಲೋ ಹೇಳಲಾಗುವುದಿಲ್ಲ. ಆರು ವಾರ ಕಳೆದ ಮೇಲೆ ಲೋಟ ಬಗ್ಗಿಸಿ, ಬಕೆಟ್ ನೀರಿನಲ್ಲಿ ಮಣ್ಣು ತೊಳೆದು, ಬೇರುಗಳನ್ನು ಹಳೆಯ ಪತ್ರಿಕೆಯ ಮೇಲೆ ಪಕ್ಕಪಕ್ಕ ಹರಡಿ ಸ್ಕೇಲಿನಿಂದ ಅಳೆಯಿರಿ. ಅಳೆಯುವ ಮೊದಲೇ ಯಾವುದು ಉದ್ದ ಎಂದು ಊಹಿಸಿ ಒಂದು ಚೀಟಿಯಲ್ಲಿ ಬರೆದಿಡಿ, ಆಮೇಲೆ ತಿದ್ದಬೇಡಿ.